ಸೋಫಾ ಬಟ್ಟೆಯ ಪ್ಯಾಂಟು

ನಮ್ಮ ಯಜಮಾನರು ದರ್ಜಿ. ಒಂದು ಸಲ ಬೆಟ್ಟದೂರು ನೋಡೋಣ ಅಂತ ನಾನು ವರ್ಷಗಟ್ಟಲೆ ಗೋಗರೆದ ಮೇಲೆ ಈ ಸಲ ಒಪ್ಪಿದರು. ಒಪ್ಪಿದ್ದೇ ತಡ, ಅಂಗಡಿಯಲ್ಲಿ ಮಿಕ್ಕಿದ್ದ ಸೋಫಾ ಕವರಿನ ಬಟ್ಟೆಯಲ್ಲಿ ಇಬ್ಬರಿಗೂ ಒಂದೊಂದು ಪ್ಯಾಂಟು ಹೊಲಿದುಬಿಟ್ಟರು. ಹಸಿರು ಬಟ್ಟೆ, ಮೇಲೆ ಬೆರಳಗಲದ ಹಳದಿ ಪಟ್ಟೆ, ಕಂಡಕಂಡಲ್ಲಿ ಜೇಬು. ಬಂಡೆಗೆ ಉಜ್ಜಿದರೂ ಹರಿಯೋದಿಲ್ಲ ಅಂತ ಅವರ ಹೆಮ್ಮೆ. ಹರಿಯದಿದ್ದರೆ ಸಾಕಾ, ನೋಡೋಕೆ ಚೆನ್ನಾಗಿರಬೇಡವಾ? ಆದರೂ ಅವರ ಮುಖ ನೋಡಿ ಬೇಡ ಅನ್ನಲಾಗದೆ ತೊಟ್ಟುಕೊಂಡೆ.

ಊರೇನೋ ಮುದ್ದಾಗಿತ್ತು. ಕಲ್ಲು ಹಾಸಿದ ಇಳಿಜಾರು ಬೀದಿ, ಕಿಟಕಿಗೊಂದು ಹೂಕುಂಡ, ಬೆಟ್ಟ ಹತ್ತೋರಿಗೆ ಬೂಟು, ಕೋಲು ಬಾಡಿಗೆಗೆ ಕೊಡುವ ಸಣ್ಣ ಸಣ್ಣ ಅಂಗಡಿಗಳು. ನಾವು ಇಳಿದುಕೊಂಡ ಕಡೆಯೇ ನಾಲ್ಕು ಜನ ಟೀಚರುಗಳಿದ್ದರು. ಒಳ್ಳೇ ಬೂಟು, ಒಳ್ಳೇ ಟೋಪಿ, ಮೆತ್ತಗಿನ ಮಾತು. ಬೆಳಗ್ಗೆ ಯಜಮಾನರು ಸ್ನಾನಕ್ಕೆ ಹೋಗಿದ್ದಾಗ ಅವರು ನನ್ನನ್ನು ತಮ್ಮ ಮೇಜಿಗೆ ಕರೆದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಬ್ಬಾಕೆ ಪ್ಯಾಂಟು ಮುಟ್ಟಿ ನೋಡಿ, ಎಷ್ಟು ಗಟ್ಟಿಯಾಗಿದೆ, ಎಲ್ಲಿ ಹೊಲಿಸಿದಿರಿ ಅಂದಳು. ಯಾವುದೋ ಅಂಗಡಿಯಲ್ಲಿ ಅಂದೆ. ನೋಡಿ, ಅಲ್ಲೇ ಶುರುವಾಗಿತ್ತು ನನ್ನ ಘನಂದಾರಿ ಕೆಲಸ. ಹಳ್ಳದ ಮೇಲಿನ ಹಗ್ಗದ ಸೇತುವೆಗೆ ನೀವೂ ಬನ್ನಿ ಅಂದರು. ಬಚ್ಚಲುಮನೆಯ ಬಾಗಿಲು ತಟ್ಟಿ, ನೀವು ಹಿಂದಿನಿಂದ ಬನ್ನಿ ಅಂತ ಯಜಮಾನರಿಗೆ ಹೇಳಿ ಟೀಚರುಗಳ ಜೊತೆ ಹೊರಟೇಬಿಟ್ಟೆ.

ಸೇತುವೆ ಕಾಯುವವನು ಹತ್ತುವ ಮೊದಲೇ ಎಲ್ಲರಿಗೂ ಅಲ್ಲಿಯ ಪದ್ಧತಿ ಹೇಳಿದ. ನಡುವೆ ಯಾರಾದರೂ ಹೆದರಿ ನಿಂತರೆ ಅವರ ಕಡೆಯವರೇ ಹೋಗಿ ಕೈಹಿಡಿದು ತರಬೇಕಂತೆ. ಹೆದರಿದವರು ಗುರುತಿಲ್ಲದವರನ್ನು ನಂಬಿ ಹಗ್ಗ ಬಿಡೋದಿಲ್ಲವಂತೆ. ಇಷ್ಟು ಹೇಳಿ ಅವನು ಮುಂದಾಗಿ ದಾಟಿ, ಆಚೆ ದಡದಲ್ಲಿ ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದ. ನಾವು ಐದೂ ಜನ ಕಿಲಕಿಲ ನಗುತ್ತಲೇ ದಾಟಿದೆವು.

ಆಗ ನಾವು ಬಿಟ್ಟುಬಂದ ದಡಕ್ಕೆ ನಮ್ಮವರು ಬಂದರು. ಅವರು ಕಾಣುವ ಮೊದಲೇ ಅವರ ದನಿ ಬಂತು. ದಿನಾ ನೂಲಿನ ಜೊತೆ ಬಾಳೋನಿಗೆ ಹಗ್ಗ ಯಾವ ಲೆಕ್ಕ ಅಂತ ಸಾಲಿನಲ್ಲಿದ್ದವರಿಗೆಲ್ಲ ಹೇಳುತ್ತಿದ್ದರು. ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ಹಾಗೇ ಆಯಿತು. ಅರ್ಧಕ್ಕೆ ಬಂದರೋ ಇಲ್ಲವೋ ಸೇತುವೆ ತೂಗಿತು, ಮಾತು ನಿಂತಿತು. ಮೊದಲು ಕೂತರು, ಆಮೇಲೆ ಅಂಬೆಗಾಲಿಟ್ಟರು, ಕೊನೆಗೆ ಅದೂ ಆಗದೆ ಹಲಗೆಯನ್ನು ಅವುಚಿಕೊಂಡುಬಿಟ್ಟರು.

ಯಾರಪ್ಪ ಈ ಜಂಬದ ಕೋಳಿ ಅಂತ ಟೀಚರುಗಳು ನಕ್ಕರು. ನಾನೂ ನಕ್ಕೆ. ಹೌದು, ನಕ್ಕೆ.

"ಇವರ ಕಡೆಯವರು ಯಾರು?" ಅಂತ ಕಾಯುವವನು ಕೂಗಿ ಕೇಳಿದ.

ನನ್ನ ನಾಲಿಗೆಗೆ ಏನು ದೊಡ್ಡ ರೋಗ ಬಂದಿತ್ತೋ ಕಾಣೆ. ಕಾಯುವವನು ಹಲಗೆಯ ಮೇಲಿದ್ದ ಹಳದಿ ಪಟ್ಟೆ ನೋಡಿದ, ನನ್ನ ಕಾಲಿನ ಹಳದಿ ಪಟ್ಟೆ ನೋಡಿದ. ಬೆಳಗ್ಗೆ ಬಟ್ಟೆ ಮುಟ್ಟಿ ನೋಡಿದ್ದವಳೂ ನೋಡಿ, ನಗು ನಿಲ್ಲಿಸಿ ಮುಖ ತಿರುಗಿಸಿದಳು. ಇಡೀ ಬೆಟ್ಟಕ್ಕೇ ಗೊತ್ತಾಗಿತ್ತು, ನಾನೊಬ್ಬಳು ಮಾತ್ರ ಹಳ್ಳದ ನೀರು ನೋಡುತ್ತಾ ನಿಂತಿದ್ದೆ. ಯಜಮಾನರು ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದರು.

"ಯಾರೂ ಇಲ್ಲಪ್ಪ," ಅಂದರು. "ನಾನೊಬ್ಬನೇ ಬಂದಿರೋದು."

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಈಗಲಾದರೂ ಓಡಿಹೋಗಬಹುದಿತ್ತು, ಅದೂ ಆಗಲಿಲ್ಲ. ಈಗ ಹೋದರೆ ಮೊದಲೇ ಯಾಕೆ ಹೋಗಲಿಲ್ಲ ಅನ್ನುತ್ತಾರಲ್ಲ ಅನ್ನೋ ಹಾಳು ಲೆಕ್ಕಾಚಾರ ಬೇರೆ. ಕಾಯುವವನು ತನ್ನ ಪದ್ಧತಿಯನ್ನು ಪಕ್ಕಕ್ಕಿಟ್ಟು ತಾನೇ ಹೋದ. ಬಹಳ ಹೊತ್ತು ಮಾತಾಡಿಸಿ, ಕೈಹಿಡಿದು ಕರಕೊಂಡು ಬಂದ. ಯಜಮಾನರು ಗುರುತಿಲ್ಲದವರ ಹಾಗೆ ನನ್ನನ್ನು ದಾಟಿ ಮುಂದೆ ಹೋದರು. ಅಷ್ಟು ತೆವಳಿದ್ದರೂ ಮಂಡಿಯ ಹತ್ತಿರ ಪ್ಯಾಂಟು, ಅವರು ಹೇಳಿದ ಹಾಗೇ, ಹರಿದಿರಲಿಲ್ಲ.

ಟೀಚರುಗಳು ಇನ್ನೂ ಮೇಲೆ ಹತ್ತಲು ಹೊರಟರು. ನನ್ನನ್ನು ಬಾ ಅನ್ನಲಿಲ್ಲ. ನಾನು ಯಜಮಾನರ ಹಿಂದೆ ಹಿಂದೆ, ಅವರ ನೆರಳು ತುಳಿಯದ ಹಾಗೆ, ಕಾಲುದಾರಿ ಇಳಿದೆ.

ಕೆಳಗೆ ಊರಿಗೆ ಹೋಗುವ ಬಸ್ಸು ಖಾಲಿ ನಿಂತಿತ್ತು. ಅವರು ಕಿಟಕಿಯ ಪಕ್ಕ ಕೂತರು, ನಾನು ಅವರ ಪಕ್ಕ ಕೂತೆ. ಬಯ್ಯಲಿ, ನಾಲ್ಕು ಮಾತು ಅಂದುಬಿಡಲಿ ಅಂತ ಕಾದೆ. ಅವರು ಮಂಡಿಗೆ ಹತ್ತಿದ್ದ ಧೂಳನ್ನು ಒರೆಸುತ್ತಾ ಕೂತರು.

ಕಂಡಕ್ಟರು ಬಂದು, "ಇಬ್ಬರೂ ಜೊತೆಗಾ?" ಅಂದ.

ಕೇಳುವ ಮೊದಲೇ ಉತ್ತರ ಕೊಡುವ ಮನುಷ್ಯ ಅವರು. ಈಗ ನನ್ನ ಕಡೆ ತಿರುಗಿ ಸುಮ್ಮನೆ ಕಾದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಇರಾದೆಯೂ ಇರಲಿಲ್ಲ. ಏನು ಹೇಳಬೇಕು ಅಂತ ನಿಜವಾಗಿಯೂ ನನ್ನನ್ನು ಕೇಳುತ್ತಿದ್ದರು.

"ನಮ್ಮ ಯಜಮಾನರು," ಅಂದೆ, ಬಸ್ಸಿಗೆಲ್ಲ ಕೇಳುವ ಹಾಗೆ. ಬಸ್ಸಿನಲ್ಲಿ ಕಂಡಕ್ಟರು, ಡ್ರೈವರು ಬಿಟ್ಟರೆ ನಾವಿಬ್ಬರೇ. ಕೇಳಬೇಕಾಗಿದ್ದವರೆಲ್ಲ ಇನ್ನೂ ಬೆಟ್ಟದ ಮೇಲಿದ್ದರು.