ಮೀನೂಟದ ಹೋಟೆಲಿಗೆ ಗಾಜಿನ ಸೋಪ್ ಬಾಟ್ಲಿ

ಮೀನೂಟ ಮುಗಿಸಿ ಕೈ ತೊಳೆಯಲು ಎದ್ದವರಿಗೆ ನಮ್ಮ ಕಡೆ ಏನು ಸಿಗುತ್ತದೆಂದು ನಿಮಗೆ ಗೊತ್ತೇ ಇದೆ. ಒಂದು ಕಡೆ ಉಗುರಿನಷ್ಟು ಉಳಿದ ಸೋಪಿನ ಚೂರು, ಅದೂ ನೀರಿನಲ್ಲಿ ನೆನೆದು ಲೋಳೆಯಾದದ್ದು. ಇನ್ನೊಂದು ಕಡೆ ಎಷ್ಟು ಒತ್ತಿದರೂ ಬುಸ್ ಎಂದಷ್ಟೇ ಹೇಳುವ ಖಾಲಿ ಡಬ್ಬಿ. ಬಂಗುಡೆ ಸಾರಿನ ವಾಸನೆ ಬಸ್ಸು ಇಳಿಯುವವರೆಗೂ ಕೈಯಲ್ಲೇ ಇರುತ್ತದೆ. ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವುದೂ ಅದೇ ಕೈಯಲ್ಲಿ.

ಮುಳ್ಳಿಕಟ್ಟೆ ದಾಟಿ ಬೈಂದೂರಿನ ಕಡೆ ಹೋಗುವ ಹೆದ್ದಾರಿಯಲ್ಲಿ ಹೋಟೆಲು ತೆರೆದ ಚಂದಯ್ಯ ಶೆಟ್ರಿಗೆ ಇದನ್ನೆಲ್ಲ ಕಂಡರೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಮನುಷ್ಯ, ಅಲ್ಲಿನ ದೊಡ್ಡ ದೊಡ್ಡ ಜಾಗಗಳನ್ನು ನೋಡಿದವರು. ನಮ್ಮಲ್ಲೂ ಹಾಗೇ ಇರಲಿ ಎಂದು ಗಾಜಿನ ಬಾಟ್ಲಿಗಳನ್ನು ತರಿಸಿದರು. ಸಪೂರ ಕುತ್ತಿಗೆ, ದುಂಡು ಹೊಟ್ಟೆ, ತೆಳು ಗಾಜು, ತಲೆಯ ಮೇಲೆ ಚಿನ್ನದ ಬಣ್ಣದ ಪಂಪು. ಬೇಸಿನ್ನಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಮದುಮಕ್ಕಳ ಹಾಗೆ ಕಂಡವು. ಅವುಗಳನ್ನು ದಿನಕ್ಕೆ ಹತ್ತು ಸಲ ಎತ್ತಿ ಒರೆಸಿ ಇಡಬೇಕಾದವಳು ಪದ್ದು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಪದ್ದು ಗಂಗೊಳ್ಳಿಯವಳು. ಇಪ್ಪತ್ತೈದು ವರ್ಷ ಮೀನಿನ ಬುಟ್ಟಿ ಹೊತ್ತು ವಂಡ್ಸೆ, ಹಟ್ಟಿಯಂಗಡಿಯ ಮನೆಗಳಿಗೆ ಹೋದವಳು. "ಹ್ವಾಯ್ ಪದ್ದು, ಇವತ್ತ್ ಎಂತ ಮೀನ್?" ಎಂದು ಗೇಟಿನಿಂದಲೇ ಕೂಗುತ್ತಿದ್ದರು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಕಾಣೆ ಮೀನು ಇಷ್ಟ, ಯಾರಿಗೆ ಅಗ್ಗದ ಭೂತಾಯಿ ಮೀನು ಸಾಕು ಎಂಬುದೆಲ್ಲ ಅವಳ ಬಾಯಲ್ಲೇ ಇತ್ತು. ಆಮೇಲೆ ಮೊಣಕಾಲು ಸೋತಿತು. ಗಂಡ ಸುಬ್ಬ ಕಾಯಿಲೆ ಬಿದ್ದು ತೀರಿಕೊಂಡ. ಮಕ್ಕಳಿರಲಿಲ್ಲ. ಹೆಚ್ಚು ನಡೆಯದೆ ಒಂದೇ ಕಡೆ ಮಾಡುವ ಕೆಲಸ ಬೇಕಿತ್ತು, ಶೆಟ್ರ ಹೋಟೆಲಿನ ಕೈ ತೊಳೆಯುವ ಬಚ್ಚಲಿನ ಕೆಲಸ ಸಿಕ್ಕಿತು.

ದಿನಕ್ಕೆ ಮುನ್ನೂರು ಜನ ಬಂದು ಹೋಗುವ ಜಾಗ ಅದು. ಬರುತ್ತಾರೆ, ಕೈ ತೊಳೆಯುತ್ತಾರೆ, ಕನ್ನಡಿಯಲ್ಲಿ ತಮ್ಮ ಕೂದಲು ನೋಡಿಕೊಳ್ಳುತ್ತಾರೆ. ಹಿಂದೆ ನಿಂತ ಪದ್ದುವಿನ ಮುಖ ಅದೇ ಕನ್ನಡಿಯಲ್ಲಿದ್ದರೂ ಯಾರ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ. ಅಡುಗೆಯವರು, ಬಡಿಸುವವರು ಮಧ್ಯಾಹ್ನ ಒಟ್ಟಿಗೆ ಕೂತು ಉಣ್ಣುತ್ತಾರೆ. ಪದ್ದುವಿನ ತಟ್ಟೆ ಹಿಂದಿನ ಮೆಟ್ಟಿಲಿಗೆ ಬರುತ್ತದೆ. ಬೇಡ ಎಂದವರಿಲ್ಲ, ಬಾ ಎಂದವರೂ ಇಲ್ಲ. ಬುಟ್ಟಿ ಹೊತ್ತು ಒಬ್ಬಳೇ ನಡೆಯುತ್ತಿದ್ದ ದಿನಗಳಲ್ಲಿ ಅವಳಿಗೆ ಇಷ್ಟು ಒಂಟಿ ಎನಿಸಿರಲಿಲ್ಲ. ಆದರೂ ಈ ಕೆಲಸ ಹೋದರೆ ಉಳಿಯುವುದು ಗಂಗೊಳ್ಳಿಯ ಮನೆಯ ನಾಲ್ಕು ಗೋಡೆ ಮಾತ್ರ. ಇಲ್ಲಿ ಮಾತಾಡಿಸದಿದ್ದರೂ ಮಾತು ಕೇಳಿಸುತ್ತದಲ್ಲ, ಅಷ್ಟಕ್ಕಾಗಿ ಅವಳು ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಳು.

ಬಾಟ್ಲಿ ಬಂದ ಮೂರನೇ ವಾರಕ್ಕೆ ಒಂದು ಒಡೆಯಿತು. ಇನ್ನೊಂದು ವಾರಕ್ಕೆ ಮತ್ತೊಂದು. ಎರಡೂ ಸಲ ಗಿರಾಕಿಗಳ ಕೈಯಿಂದಲೇ ಜಾರಿದ್ದು. ಗಿರಾಕಿಗಳು ಕಾರು ಹತ್ತಿ ಹೋದರು, ಚೂರಿನ ಮುಂದೆ ನಿಂತವಳು ಪದ್ದು.

"ಎಂತ ಪದ್ದು, ಇಡುಕೆ ಗೊತ್ತಿಲ್ಯಾ ನಿಂಗೆ?" ಎಂದರು ಶೆಟ್ರು. "ಮುಂಬೈಲಿ ವರ್ಷಗಟ್ಲೆ ಒಂದೂ ಒಡಿತಿರ್ಲಿಲ್ಲೆ. ಇನ್ನೊಂದ್ ಒಡದ್ರೆ ನೀನ್ ನಾಳೆಯಿಂದ ಬಪ್ದ್ ಬ್ಯಾಡ."

"ನಾನಲ್ಲ ಶೆಟ್ರೆ" ಎನ್ನಬೇಕು ಎಂದುಕೊಂಡಳು. ಅಷ್ಟರಲ್ಲಿ ಅವರು ಕೌಂಟರಿಗೆ ಹೋಗಿಯಾಗಿತ್ತು.

ಮೂರನೆಯದೂ ಗಿರಾಕಿಯ ಕೈಯಿಂದಲೇ ಜಾರಿ ಒಡೆದದ್ದು ಒಂದು ಭಾನುವಾರ, ಊಟದ ಗಡಿಬಿಡಿಯಲ್ಲಿ. ಶೆಟ್ರಿಗೆ ಕಾಣುವ ಮೊದಲು ತೆಗೆಯಬೇಕು ಎಂಬ ಒಂದೇ ಹೆದರಿಕೆಯಲ್ಲಿ ಪದ್ದು ಬರಿಗೈಯಲ್ಲಿ ಚೂರು ಬಾಚಿದಳು. ಅಂಗೈ ಸೀಳಿತು. ಸೆರಗಿನ ತುದಿ ಹರಿದು ಕಟ್ಟಿಕೊಂಡಳು. ಕಪಾಟಿನಲ್ಲಿ ಉಳಿದಿದ್ದ ಬಾಟ್ಲಿ ತಂದು ಆ ಜಾಗದಲ್ಲಿಟ್ಟು ಏನೂ ಆಗದವಳ ಹಾಗೆ ನಿಂತಳು. ಮನೆಯಲ್ಲಿ "ಎಂತ ಆಯ್ತ್?" ಎಂದು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಮುಚ್ಚಿಡುವುದೂ ಸುಲಭವಾಯಿತು. ಎರಡು ದಿನದಲ್ಲಿ ಕೈ ಊದಿತು.

ಮಂಗಳವಾರ ಊಟಕ್ಕೆ ಬಂದಿದ್ದವಳು ನವ್ಯಾ, ಹತ್ತಿರದ ಆರೋಗ್ಯ ಉಪಕೇಂದ್ರದ ಸಿಸ್ಟರ್. ಅವಳು ಕೈ ತೊಳೆದು ಕನ್ನಡಿ ನೋಡಿದಾಗ ತನ್ನ ಕೂದಲು ನೋಡಿಕೊಳ್ಳಲಿಲ್ಲ. ಎಡಗೈಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸನ್ನು ನೋಡಿದಳು.

"ಅಕ್ಕ, ಬಲ್ಗೈಗ್ ಎಂತ ಆಯ್ತ್?"

"ಎಂತ ಇಲ್ಲೆ."

"ಎಂತ ಇಲ್ದಿರೆ ಬಟ್ಟೆ ಎಂತಕ್ ಕಟ್ಟಿದ್ರಿ? ಕಾಂಬ, ಬಿಚ್ಚಿ."

ಪದ್ದು ಬಿಚ್ಚಿದಳು. ಆಮೇಲೆ ಅವಳಿಗೆ ಅಳು ಬಂತು. ನೋವು ಎರಡು ದಿನದಿಂದ ಇದ್ದೇ ಇತ್ತು, ಅದಕ್ಕೆ ಅವಳು ಅತ್ತಿರಲಿಲ್ಲ. ಯಾರೋ ಕೇಳಿದರಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ನವ್ಯಾ ಅವಳನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ ಗಾಯ ತೊಳೆದು, ಒಳಗೆ ಗಾಜು ಉಳಿದಿಲ್ಲವೆಂದು ನೋಡಿ, ಟಿಟಿ ಇಂಜೆಕ್ಷನ್ ಕೊಟ್ಟಳು. "ನಾಳೆಗ್ ಊತ ಇಳಿಯದಿರೆ ದೊಡ್ಡಾಸ್ಪತ್ರೆಗ್ ಹೋಪ. ಗಾಜ್ ತಾಗಿರೆ ಅವತ್ತೇ ಬರ್ಕ್ ಪದ್ದಕ್ಕ, ಮುಚ್ಚಿ ಇಡುಕಾಗ" ಎಂದಳು. ಪದ್ದು ತಲೆಯಾಡಿಸಿದಳು. ಬಾಟ್ಲಿ ಒಡೆದ ಕಥೆಯನ್ನು ಅವಳು ಮೊದಲ ಸಲ ಪೂರ್ತಿಯಾಗಿ ಹೇಳಿದ್ದು ಅಲ್ಲಿ, ಆ ಕಬ್ಬಿಣದ ಸ್ಟೂಲಿನ ಮೇಲೆ ಕೂತು.

ಮರುದಿನ ಊತ ಇಳಿದಿತ್ತು. ನವ್ಯಾ ಹೋಟೆಲಿಗೆ ಬಂದು ನೇರ ಕೌಂಟರಿಗೆ ಹೋದಳು. ಪದ್ದು ಬಾಗಿಲ ಸಂದಿಯಲ್ಲಿ ನಿಂತು ಕಿವಿಗೊಟ್ಟಳು. ಮೂರನೆಯದೂ ಒಡೆದದ್ದು ಈಗ ಗೊತ್ತಾಗುತ್ತದೆ, ನನ್ನ ಕೆಲಸ ಇವತ್ತಿಗೆ ಮುಗಿಯಿತು ಎಂದುಕೊಂಡಳು.

"ಶೆಟ್ರೆ, ನೀವ್ ಗಿರಾಕಿಗಳ್ ಕೈ ತೊಳು ಬೇಸಿನ್ ಹತ್ರ ಬಂದ್ ಯಾವತ್ತಾರೂ ಕೈ ತೊಳ್ದಿದ್ರ್ಯಾ?"

"ನಾನ್ ಮನೆಗ್ ಹೋಯ್ ಉಣ್ತೆ. ಇಲ್ಲ್ ಎಂತಕ್ ತೊಳುದ್?"

"ಇವತ್ತ್ ಒಂದಿನ ಇಲ್ಲೇ ಉಣ್ಣಿ. ಬಂಗ್ಡಿ ಸಾರ್ ಹಾಕ್ಕಣಿ. ಚಮ್ಚ ಬ್ಯಾಡ."

ಶೆಟ್ರು ನಕ್ಕರು. ಆದರೂ ಸಿಸ್ಟರ್ ಮಾತು ತೆಗೆದುಹಾಕಲಾಗದೆ ಕೂತು ಉಂಡರು, ತೆಂಗಿನಕಾಯಿ ಅರೆದ ಗಟ್ಟಿ ಸಾರು ಮಣಿಕಟ್ಟಿನವರೆಗೆ ಮೆತ್ತಿತು. ಎದ್ದು ಬೇಸಿನ್ನಿಗೆ ಬಂದರು. ಚಿನ್ನದ ಬಣ್ಣದ ಪಂಪು ಒತ್ತಿದರು, ಇಳಿಯಲಿಲ್ಲ. ಕಡಲಿನ ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗು ತುಕ್ಕು ಹಿಡಿದಿತ್ತು. ಮತ್ತೆ ಒತ್ತಿದರು. ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದರು. ಜಿಡ್ಡು ಕೈಯಲ್ಲೇ ಬಾಟ್ಲಿ ಎತ್ತಿ, ಬಗ್ಗಿಸಿ, ಅಲ್ಲಾಡಿಸಿದರು. ಬಾಟ್ಲಿ ಅವರ ಕೈಯಿಂದ ಜಾರಿ ಬೇಸಿನ್ನಿಗೆ ಬಿದ್ದು ಮೂರು ಚೂರಾಯಿತು.

ಪದ್ದು ಅಭ್ಯಾಸಬಲದಿಂದ ಮುಂದೆ ಬಂದು ಕೈ ಚಾಚಿದಳು.

"ಕೈ ಹಾಕ್ಬ್ಯಾಡಿ ಪದ್ದಕ್ಕ" ಎಂದು ನವ್ಯಾ ತಡೆದಳು. ಕಾಲಲ್ಲಿ ಚಪ್ಪಲಿ ಇದೆಯೇ ನೋಡಿದಳು, ದಪ್ಪ ಗ್ಲೌಸು ತರಿಸಿದಳು. ದೊಡ್ಡ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಬೇರೆ ಇಡಿಸಿದಳು. ಕಣ್ಣಿಗೆ ಕಾಣದ ಪುಡಿಯನ್ನು ಒದ್ದೆ ಪೇಪರಿನಲ್ಲಿ ಒತ್ತಿ ತೆಗೆಯುವುದು ಹೇಗೆಂದು ತೋರಿಸಿದಳು. ಕಸ ಒಯ್ಯುವವರ ಕೈಗೂ ತಾಗಬಾರದಲ್ಲ ಎಂದು ಪೊಟ್ಟಣದ ಮೇಲೆ 'ಗಾಜು' ಎಂದು ಬರೆಸಿದಳು.

"ಇದ್ ಒಡ್ದದ್ದ್ ನಾನ್" ಎಂದರು ಶೆಟ್ರು, ಯಾರೂ ಕೇಳದಿದ್ದರೂ. ಜಿಡ್ಡು ಕೈ ಒರೆಸಿಕೊಳ್ಳುತ್ತ, "ಹಂಗಾರೆ ಗಾಜೇ ಬ್ಯಾಡ ಅಂಬ್ರ್ಯಾ ಸಿಸ್ಟರೆ?"

"ನಾನ್ ಹಂಗ್ ಹೇಳ್ಲಿಲ್ಲೆ. ಗಾಜ್ ಒಳ್ಳೇದೇ. ಒಳ್ಗ್ ಸೋಪ್ ಎಷ್ಟಿತ್ತ್, ಹ್ಯಾಂಗಿತ್ತ್ ಅಂದ್ ಕಾಣತ್ತ್. ಇಲ್ಲ್ ಕಾಣಿ." ಪಕ್ಕದ ಬಾಟ್ಲಿ ಬೆಳಕಿಗೆ ಹಿಡಿದಳು. ಸೋಪು ನೀರಿನಷ್ಟು ತೆಳ್ಳಗಿತ್ತು, ತಳದಲ್ಲಿ ಬಿಳಿ ಪಾಚಿಯಂಥದ್ದು ತೇಲುತ್ತಿತ್ತು. "ನೀರ್ ಹಾಕಿದ್ದ್ ಯಾರ್?"

ಪದ್ದು ನೆಲ ನೋಡಿದಳು. ಶೆಟ್ರು ಕೆಮ್ಮಿದರು.

"ನಾನೇ ಹೇಳಿದ್ದ್. ಜನ ಜಾಸ್ತಿ ಆರೆ ಸಾಂಬಾರಿಗ್ ಒಂಚೂರ್ ನೀರ್ ಬಿಡ್ತಿಲ್ಯಾ, ಹಾಂಗೆ."

"ಸಾಂಬಾರ್ ಕುದಿತ್ತ್ ಶೆಟ್ರೆ. ಸೋಪ್ ಕುದಿತಿಲ್ಲೆ."

ಹೋಟೆಲಿನವರ ಕೈಗೆ ಈ ಚಟ ಹೇಗೆ ಹತ್ತುತ್ತದೆಂದು ಬೇರೆ ಹೇಳಬೇಕಾಗಿಲ್ಲ. ನೀರು ಬೆರೆಸಿದ ಸೋಪಿನಲ್ಲಿ ಕ್ರಿಮಿಗಳು ಬೆಳೆಯುತ್ತವೆ ಎಂದು ನವ್ಯಾ ಹೇಳಿದಳು. ಉಳಿದ ಹಳೆಯ ಸೋಪಿನ ಮೇಲೆ ಹೊಸದು ಸುರಿದರೂ ಅದೇ ಕಥೆ. ಬಾಟ್ಲಿ ಪೂರ್ತಿ ಖಾಲಿಯಾಗಬೇಕು, ತೊಳೆದು ಒಣಗಿಸಬೇಕು, ಆಮೇಲೆ ತುಂಬಬೇಕು. ಇಲ್ಲದಿದ್ದರೆ ಕೈ ತೊಳೆದವರು ಬಂದದ್ದಕ್ಕಿಂತ ಕೊಳಕು ಕೈಯಲ್ಲಿ ಹೋಗುತ್ತಾರೆ. ಮುಚ್ಚಿದ ಡಬ್ಬಿಯಾದರೆ ಇದು ಯಾರಿಗೂ ಕಾಣುತ್ತಿರಲಿಲ್ಲ, ಗಾಜು ಕಾಣಿಸಿಕೊಟ್ಟಿತು.

ಮುಂದಿನ ವಾರ ಶೆಟ್ರು ಕುಂದಾಪುರದಿಂದ ಮೂರು ನಮೂನೆ ತಂದು ಮೇಜಿನ ಮೇಲಿಟ್ಟರು. ಒಂದು ಮೊದಲಿನ ಹಾಗೆಯೇ ಉದ್ದ ಕುತ್ತಿಗೆಯದು. ಒಂದು ಚೌಕದ ದಪ್ಪ ಗಾಜಿನದು, ಗೋಡೆಗೆ ಕೂರಿಸುವ ಸ್ಟೀಲಿನ ಹಿಡಿಕೆ ಇದ್ದದ್ದು. ಒಂದು ಪೂರ್ತಿ ಸ್ಟೀಲಿನ ಡಬ್ಬಿ. ನವ್ಯಾಳನ್ನು ಕರೆಸಿ, "ಹೇಳಿ ಸಿಸ್ಟರೆ, ಯಾವ್ದ್ ಆತ್ತ್?" ಎಂದರು.

"ನಂಗ್ ಎಂತ ಗೊತ್ತಿತ್ತ್? ದಿನಾ ತೊಳುದ್ ಯಾರೋ ಅವ್ರ್ ಹತ್ರ ಕೇಣಿ."

ಶೆಟ್ರು ತಿರುಗಿದರು. ಪದ್ದು ಬಕೆಟ್ ಹಿಡಿದು ನಿಂತಿದ್ದಳು. ಅವರು ಒಂದು ಕ್ಷಣ ತಡವರಿಸಿದರು. ಕೆಲಸದವಳನ್ನು ಕೇಳಿ ಸಾಮಾನು ಕೊಂಡು ಅವರಿಗೆ ಅಭ್ಯಾಸವಿರಲಿಲ್ಲ.

"ಪದ್ದಕ್ಕ, ಬನ್ನಿ. ಕೂಕಣಿ. ನಿಮ್ಗ್ ಯಾವ್ದ್ ಆತ್ತ್?" ಎಂದರು ಶೆಟ್ರು.

ಪದ್ದುವಿಗೆ ಉತ್ತರ ಗೊತ್ತಿತ್ತು. ಬಕೆಟ್ ಕೆಳಗಿಟ್ಟಳು. ಕುರ್ಚಿಯ ತುದಿಯಲ್ಲಿ ಕೂತಳು.

"ಈ ಉದ್ದದ್ ಬ್ಯಾಡ ಶೆಟ್ರೆ. ಕುತ್ತಿಗೆ ಸಪೂರ, ಒಳ್ಗ್ ಬ್ರಶ್ ಹೋತಿಲ್ಲೆ. ಹೋಗ್ದಿರೆ ತಳ ತೊಳುದ್ ಹ್ಯಾಂಗೆ? ಈ ಚೌಕದ್ದ್ ಆತ್ತ್. ಗಾಜ್ ದಪ್ಪ, ಬಾಯಿ ಅಗಲ. ಗೋಡೆಗ್ ಕೂರ್ಸಿರೆ ಯಾರೂ ಎತ್ತುದಿಲ್ಲೆ, ಒಂದ್ ಕೈಯಲ್ಲೇ ಒತ್ತುಕಾತ್ತ್. ಪಂಪ್ ಮಾತ್ರ ಒಳ್ಳೆ ಸ್ಟೀಲಿಂದೇ ಬೇಕ್, ನಮ್ ಗಾಳಿಗ್ ಬಣ್ಣ ಬಳ್ದದ್ದ್ ನಿಲ್ಲುದಿಲ್ಲೆ. ಮತ್ತೆ ಅದ್ ಬೇಸಿನ್ ಮೇಲೇ ಬರ್ಕ್. ಆಚೆ ಹಾಕಿರೆ ನೆಲಕ್ ತೊಟ್ಟಿಕ್ಕತ್ತ್, ಜನ ಜಾರ್ತ್ರ್. ಮಕ್ಕಳ್ ಕೈ ತೊಳು ಆ ಸಣ್ಣ ಬೇಸಿನ್ನಿಗ್ ಗಾಜ್ ಬ್ಯಾಡವೇ ಬ್ಯಾಡ. ಅಲ್ಲಿಗ್ ಈ ಸ್ಟೀಲಿಂದ್ ಹಾಕಿ. ಎರಡ್ ಬಾಟ್ಲಿ ಜಾಸ್ತಿ ತನ್ನಿ. ಒಂದ್ ತೊಳ್ದ್ ಒಣ್ಗುಕ್ ಇಟ್ರೆ ಇನ್ನೊಂದ್ ಇರ್ತ್."

ಅಲ್ಲಿಗೆ ನಿಲ್ಲಲಿಲ್ಲ. ಮಾತು ಒಮ್ಮೆ ಬಂದ ಮೇಲೆ ಅವಳಿಗೇ ತಡೆಯಲಾಗಲಿಲ್ಲ. ಯಾವ ನಲ್ಲಿ ಸೋರುತ್ತದೆ, ಮುದುಕರು ಎಲ್ಲಿ ಗೋಡೆ ಹಿಡಿದು ನಿಲ್ಲುತ್ತಾರೆ, ಸಣ್ಣ ಮಕ್ಕಳ ತಾಯಂದಿರು ಚೀಲ ಇಡಲು ಜಾಗವಿಲ್ಲದೆ ಹೇಗೆ ಪರದಾಡುತ್ತಾರೆ, ಎಲ್ಲ ಹೇಳಿದಳು. ಹನ್ನೊಂದು ತಿಂಗಳು ಆ ಗೋಡೆಯ ಬದಿಯಲ್ಲಿ ಬಾಯಿ ಮುಚ್ಚಿ ನಿಂತು ನೋಡಿದ್ದೆಲ್ಲ ಹೊರಗೆ ಬಂತು. ಬಡಿಸುವವರು ತಟ್ಟೆ ಹಿಡಿದುಕೊಂಡೇ ನಿಂತು ಕೇಳಿದರು. ಶೆಟ್ರು ಕೌಂಟರಿನ ಕಡೆ ಒಮ್ಮೆಯೂ ತಿರುಗಲಿಲ್ಲ.

ಅವಳು ಮುಗಿಸಿದ ಮೇಲೆ ಮೆಲ್ಲಗೆ ಕೇಳಿದರು, "ಇದೆಲ್ಲ ಮೊದ್ಲೇ ಎಂತಕ್ ಹೇಳ್ಲಿಲ್ಲೆ ಪದ್ದಕ್ಕ?"

"ನೀವ್ ಕೇಣ್ಲಿಲ್ಲೆ ಶೆಟ್ರೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಶೆಟ್ರು ಅಲ್ಲೇ ಪ್ಲಂಬರಿಗೆ ಫೋನು ಮಾಡಿದರು. ಅವತ್ತೇ ಸಂಜೆ ಪ್ಲಂಬರ್ ಬಂದು, ಪದ್ದು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಗೋಡೆಗೆ ತೂತು ಕೊರೆದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಬಾಂಧವರೇ, ನೀವು ಹೋಟೆಲು, ಲಾಡ್ಜು, ಕಲ್ಯಾಣ ಮಂಟಪ ನಡೆಸುವವರಾದರೆ ಗಾಜಿನ ಸೋಪ್ ಬಾಟ್ಲಿ ಧಾರಾಳವಾಗಿ ಹಾಕಿ. ದಪ್ಪ ಗಾಜು, ಅಗಲ ಬಾಯಿ, ತುಕ್ಕು ಹಿಡಿಯದ ಪಂಪು ನೋಡಿ ತನ್ನಿ. ಕಟ್ಟೆಯ ಮೇಲೆ ಇಡದೆ ಗೋಡೆಗೆ ಕೂರಿಸಿ, ಮಕ್ಕಳಿರುವಲ್ಲಿ ಗಾಜು ಬೇಡ. ಸೋಪಿಗೆ ನೀರು ಬೆರೆಸಬೇಡಿ, ತೊಳೆಯದೆ ಮತ್ತೆ ತುಂಬಬೇಡಿ. ಆದರೆ ಅಂಗಡಿಗೆ ಹೊರಡುವ ಮೊದಲು ನಿಮ್ಮ ಬಚ್ಚಲಿನ ಹತ್ತಿರ ಹೋಗಿ. ಅಲ್ಲಿ ಒಬ್ಬರು ನಿಂತಿರುತ್ತಾರೆ. ಅವರ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ, ಇವತ್ತು ಮೊದಲು ಅದನ್ನೇ ಕೇಳಿ.