ನೋವು ಮಂಡಿಯಲ್ಲಿ, ಕಾರಣ ಸೊಂಟದಲ್ಲಿ

ನಮ್ಮ ಬೀದಿಯ ಕಟಿಂಗ್ ಶಾಪಿನವನನ್ನು ಎಲ್ಲರೂ ಓಟದಣ್ಣ ಅಂತಲೇ ಕರೆಯುವುದು. ಎರಡು ವರ್ಷದ ಹಿಂದೆ ಸಿಗರೇಟು ಬಿಟ್ಟ ದಿನದಿಂದ ಬೆಳಿಗ್ಗೆ ಎದ್ದು ಓಡುತ್ತಿದ್ದ. ಸೇದಬೇಕು ಅನ್ನಿಸದ ಹಾಗೆ ಅವನನ್ನು ಕಾಯುತ್ತಿದ್ದದ್ದು ಆ ಓಟವೇ.

ಆದರೆ ಆರು ತಿಂಗಳಿಂದ ಎಡ ಮಂಡಿ ಹಟ ಹಿಡಿದಿತ್ತು. ಎರಡು ವಾರ ಸುಮ್ಮನಿದ್ದರೆ ನೋವು ಮಾಯ. ಮತ್ತೆ ಓಡಿದರೆ ಮೂರನೆಯ ಕಿಲೋಮೀಟರಿಗೆ ಸರಿಯಾಗಿ ಹಾಜರು. ಮುಲಾಮು ಹಚ್ಚಿದ, ಪಟ್ಟಿ ಕಟ್ಟಿದ, ಹೊಸ ಶೂ ಕೊಂಡ. ಮಂಡಿ ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

"ಓಟಾನೂ ಬೇಡ, ಗೀಟಾನೂ ಬೇಡ. ವಯಸ್ಸಾಯ್ತು, ತೆಪ್ಪಗಿರಿ," ಅಂದಳು ಹೆಂಡತಿ.

"ಓಡದೆ ಇದ್ರೆ ಕೈ ಸುಮ್ನಿರಲ್ಲ ಕಣೆ. ನಿನ್ನೆ ಸಂಜೆ ಸಿಗರೇಟಿಗೆ ಅಂತ ಪೆಟ್ಟಿಗೆ ಅಂಗಡಿ ಮುಂದೆ ಹೋಗಿ ನಿಂತಿದ್ದೆ."

ಅವಳಿಗೆ ಭಯವಾಯಿತು.

ಒಂದು ಭಾನುವಾರ ಆಸ್ಪತ್ರೆಯ ಫಿಸಿಯೋಥೆರಪಿ ಡಾಕ್ಟರು ಕಟಿಂಗಿಗೆ ಬಂದರು. ಕತ್ತರಿ ಆಡಿಸುತ್ತಲೇ ಇವನು ಮಂಡಿಯ ಪುರಾಣ ಬಿಚ್ಚಿದ. ಡಾಕ್ಟರು ಕನ್ನಡಿಯಲ್ಲಿ ತಮ್ಮ ತಲೆ ನೋಡುವುದು ಬಿಟ್ಟು, ಹಿಂದೆ ನಿಂತಿದ್ದ ಇವನ ಸೊಂಟವನ್ನೇ ನೋಡತೊಡಗಿದರು.

"ಅಣ್ಣಾ, ಯಾವಾಗ್ಲೂ ಹೀಗೇನಾ? ಎಡಗಾಲ ಮೇಲೆ ಭಾರ ಬಿಟ್ಟು, ಸೊಂಟ ವಾಲಿಸಿ?"

"ಹೂಂ ಸರ್, ಹದಿನೆಂಟು ವರ್ಷದ ಅಭ್ಯಾಸ. ಬಲಗಾಲಿಗೆ ರೆಸ್ಟು."

ಕಟಿಂಗ್ ಮುಗಿದ ಮೇಲೆ ಡಾಕ್ಟರು ಅವನನ್ನು ಒಂಟಿಕಾಲಲ್ಲಿ ನಿಂತು ಸ್ವಲ್ಪ ಮಂಡಿ ಬಗ್ಗಿಸಲು ಹೇಳಿದರು. ಬಲಗಾಲು ಗಟ್ಟಿಯಾಗಿ ನಿಂತಿತು. ಎಡಗಾಲಿನ ಸರದಿ ಬಂದಾಗ ಸೊಂಟ ಜಾರಿ, ಮಂಡಿ ಒಳಕ್ಕೆ ವಾಲಿತು. ಊಟದ ಡಬ್ಬಿ ತಂದಿದ್ದ ಹೆಂಡತಿ "ಅಯ್ಯೋ, ಬಿದ್ದೇ ಬಿಡ್ತೀರಲ್ಲ!" ಅಂದಳು.

"ಮಂಡಿದೇನೂ ತಪ್ಪಿಲ್ಲ ಪಾಪ. ಹೀಗೆ ವಾಲಿ ನಿಂತೂ ನಿಂತೂ ಸೊಂಟದ ಪಕ್ಕದ ಸ್ನಾಯು ಸೋತಿರೋ ಹಾಗಿದೆ, ಅದರ ಭಾರಾನೂ ಮಂಡಿನೇ ಹೊರ್ತಿದೆ. ರೆಸ್ಟ್ ತಗೊಂಡ್ರೆ ನೋವು ಹೋಗುತ್ತೆ, ಸ್ನಾಯುಗೆ ಶಕ್ತಿ ಬರಲ್ಲ. ನಾಳೆ ಬನ್ನಿ, ಪೂರ್ತಿ ಪರೀಕ್ಷೆ ಮಾಡೋಣ."

"ನೋವಿರೋದು ಮಂಡೀಲಿ, ವ್ಯಾಯಾಮ ಸೊಂಟಕ್ಕಾ?" ಹೆಂಡತಿಗೆ ನಂಬಿಕೆ ಬರಲಿಲ್ಲ.

"ನಲ್ಲೀಲಿ ನೀರು ಬರದಿದ್ರೆ ನಲ್ಲೀನ ಬಯ್ತೀರಾ, ಟ್ಯಾಂಕ್ ನೋಡ್ತೀರಾ ಅಕ್ಕಾ?"

ಅವಳು ನಕ್ಕುಬಿಟ್ಟಳು.

ಪರೀಕ್ಷೆಯಲ್ಲೂ ಅದೇ ಗೊತ್ತಾಯಿತು. ದಿನಾ ಪಕ್ಕಕ್ಕೆ ಮಲಗಿ ಕಾಲೆತ್ತುವ ವ್ಯಾಯಾಮ. ಓಟ ಮೊದಲು ಅರ್ಧ ಕಿಲೋಮೀಟರು, ಆಮೇಲೆ ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಜಾಸ್ತಿ. ಅಂಗಡಿಯಲ್ಲಿ ವಾಲಿ ನಿಂತರೆ ಬಾಗಿಲಿಂದಲೇ "ರೀ, ಎರಡೂ ಕಾಲು!" ಎಂದು ಹೆಂಡತಿ ಗದರುತ್ತಿದ್ದಳು. ಗಿರಾಕಿಗಳಿಗೆ ಪುಕ್ಕಟೆ ಮನರಂಜನೆ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾಲ್ಕನೆಯ ಕಿಲೋಮೀಟರು ದಾಟಿದ. ಮಂಡಿ ತುಟಿಪಿಟಕ್ಕೆನ್ನಲಿಲ್ಲ. ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಖುಷಿಯಿಂದ ಹೆಂಡತಿಗೆ ಹೇಳಿದ.

"ಪೆಟ್ಟಿಗೆ ಅಂಗಡಿ?" ಕೇಳಿದಳು ಹೆಂಡತಿ.

"ಅದರ ಮುಂದೇನೇ ಓಡಿ ಬಂದೆ. ನಿಲ್ಲಲಿಲ್ಲ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅದೇ ಜಾಗದಲ್ಲಿ ಅದೇ ನೋವು ಮತ್ತೆ ಮತ್ತೆ ಬರುತ್ತಿದ್ದರೆ ಮುಲಾಮು ಹಚ್ಚಿಕೊಂಡೇ ವರ್ಷ ಕಳೆಯಬೇಡಿ. ಊತವಿದ್ದರೆ, ಕಾಲೂರಲು ಆಗದಿದ್ದರೆ, ಮಲಗಿದಾಗಲೂ ನೋಯುತ್ತಿದ್ದರೆ ಅಂದೇ ಡಾಕ್ಟರ ಬಳಿ ಹೋಗಿ. ಎಲ್ಲಿ ನೋವು ಎಂದು ಮಾತ್ರ ಹೇಳಿ ಸುಮ್ಮನಾಗಬೇಡಿ. ದಿನವಿಡೀ ಹೇಗೆ ನಿಲ್ಲುತ್ತೀರಿ, ಹೇಗೆ ಕೂರುತ್ತೀರಿ, ಏನು ಹೊರುತ್ತೀರಿ, ಅದನ್ನೂ ಹೇಳಿ. ನೋವು ಯಾಕೆ ಬಂತು ಎಂದು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.