ಸದ್ದಿಲ್ಲದೆ ಏರಿದ ನೀರು

ಕಾಲೇಜಿಗೆ ಸ್ಪ್ರಿಂಗ್ ಬ್ರೇಕ್ ಸಿಕ್ಕ ಮರುದಿನವೇ ನನ್ನ ಅತ್ತೆಯ ಮಗಳು ಖುಷಿ, ತನ್ನ ಸಹಪಾಠಿಗಳಾದ ಆನ್ಸಿ ಮತ್ತು ರಿತೇಶ್ ಜೊತೆ ಈ ಕೊಲ್ಲಿ ದೇಶದ ಸಮುದ್ರದ ನಡುವಿನ ಮರಳುದಿಬ್ಬಕ್ಕೆ ಹೊರಟಳು. ಅತ್ತೆ ರಿಫಾ ಪಟ್ಟಣದ ಮನೆಯಿಂದ ಫೋನ್ ಮಾಡಿ, ಜೊತೆಗೆ ಹೊರಟಿದ್ದ ನನಗೆ ಹೇಳಿದ್ದು ಇಷ್ಟೇ: "ತಿಲಕ್, ಮೂರು ಮಕ್ಕಳನ್ನೂ ಸರಿಯಾಗಿ ಮನೆಗೆ ಮುಟ್ಟಿಸು."

ಇಳಿತದ ಕೆಲವು ಗಂಟೆ ಮಾತ್ರ ಕಾಣುವ ದಿಬ್ಬ ಅದು. ಅದನ್ನು ಮುಟ್ಟಿದಾಗ, ಮಲ್ಪೆಯಿಂದ ಬಂದು ಇಲ್ಲಿ ದೋಣಿ ನಡೆಸುವ ಸೇಸಪ್ಪಣ್ಣ ಒಂದು ಬುಟ್ಟಿ ಮುಂದಿಟ್ಟರು.

"ಚಪ್ಪಲಿ ಇದರಲ್ಲಿ ಬಿಟ್ಟು ಇಳೀರಿ."

"ಇದೆಂತ ದೇವಸ್ಥಾನವಾ ಅಣ್ಣ?" ಆನ್ಸಿ ನಕ್ಕಳು.

"ವಾಪಸ್ ಬಂದವರು ಅವರವರದ್ದು ಹಾಕಿಕೊಳ್ಳುದು. ಉಳಿದ್ರೆ ಯಾರೋ ಬರ್ಲಿಲ್ಲ ಅಂತ. ಟೊಪ್ಪಿ ತೆಗೀಬೇಡಿ, ನೀರು ಕುಡೀತಾ ಇರಿ. ಮೂರೂವರೆಗೆ ಎಲ್ಲ ಇಲ್ಲಿರ್ಬೇಕು."

"ನಾನು ಗಂಗೊಳ್ಳಿಯವ ಅಣ್ಣ. ನನಗೆ ಸಮುದ್ರ ಹೇಳಿಕೊಡುದಾ?" ಎಂದ ರಿತೇಶ್, ಒಬ್ಬನೇ ದಿಬ್ಬದ ಆಚೆ ತುದಿಗೆ ನಡೆದ. ನಾನು ನೋಡಿದೆ, ಕರೆಯಲಿಲ್ಲ. ಒಂಟಿಯಾಗಿರಲು ಹೊರಟವನನ್ನು ಕರೆಯುವುದು ನನಗೆ ಕಷ್ಟ.

ಮೂರೂವರೆಗೆ ಬುಟ್ಟಿಯಲ್ಲಿ ಒಂದು ಜೊತೆ ನೀಲಿ ಚಪ್ಪಲಿ ಉಳಿದಿತ್ತು.

ರಿತೇಶ್ ದೂರದಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದ. ಅವನ ಊರಿನಲ್ಲಿ ಸಮುದ್ರ ಏರುವಾಗ ಮೊರೆಯುತ್ತದೆ. ಅವನು ಕಿವಿಯನ್ನು ನಂಬಿದ್ದ. ಇಲ್ಲಿ ಒಂದು ಅಲೆಯೂ ಏಳದೆ, ದಿಬ್ಬದ ನಡುವಿನ ತಗ್ಗಿನಲ್ಲಿ ನೀರು ತುಂಬಿತ್ತು. ಸೇಸಪ್ಪಣ್ಣ ಕೂಗಿದಾಗ ಅವನು ತಿರುಗಿ ನೋಡಿದ, ಅಂಗಿ ಬಿಚ್ಚಿದ.

"ಈಜಬೇಡ! ಅಲ್ಲೇ ನಿಲ್ಲು!"

"ಎರಡು ನಿಮಿಷದ ದಾರಿ ಅಣ್ಣ!"

"ಮಧ್ಯ ಸೆಳೆತ ಉಂಟು ಮಾರಾಯ, ಎಳ್ಕೊಂಡು ಹೋಗ್ತದೆ! ನಾನೇ ಬರ್ತೇನೆ!"

ಅವನು ನಿಂತ. ನಾವು ಆಳವಿಲ್ಲದ ಕಡೆಯೆಲ್ಲ ಎಂಜಿನ್ ಎತ್ತಿ, ಬಿದಿರಿನ ಗಳು ಊರಿ ಸುತ್ತು ಹಾಕಬೇಕಿತ್ತು. ಅರ್ಧ ಗಂಟೆ. ಅಷ್ಟರಲ್ಲಿ ಉಳಿದ ಮರಳೂ ಮುಳುಗಿತು. ನೀರು ಅವನ ಕಣಕಾಲಿಗೆ ಬಂತು, ಮೊಣಕಾಲಿಗೆ ಬಂತು. ಎರಡು ಸಲ ಅವನ ತೋಳು ಈಜಲು ಮುಂದೆ ಚಾಚಿತು. ಎರಡು ಸಲವೂ ಹಿಂದೆ ಸರಿಯಿತು. ನೆಲವಿತ್ತೆಂಬುದಕ್ಕೆ ಒಂದು ಗೆರೆಯೂ ಉಳಿದಿರಲಿಲ್ಲ. ನಾಲ್ಕು ದಿಕ್ಕಿಗೂ ಹಸಿರು ನೀರು, ಅದರ ಮೇಲೆ ನಿಂತ ಒಬ್ಬ ಹುಡುಗ. ಇಷ್ಟು ದೊಡ್ಡದೊಂದು ಇಷ್ಟು ಮೆತ್ತಗೆ ನಡೆಯುವುದನ್ನು ನಾನು ಕಂಡಿರಲಿಲ್ಲ. ಒಂದು ಗಳಿಗೆ ಭಯವೂ ಮರೆತು ನೋಡುತ್ತಿದ್ದೆ. ಖುಷಿ ನನ್ನ ಮುಂಗೈ ಹಿಡಿದಾಗಲೇ ಉಸಿರು ಬಂದದ್ದು.

ಹತ್ತಿರವಾದಾಗ ಸೇಸಪ್ಪಣ್ಣ ಗಳು ಚಾಚಿದರು. ರಿತೇಶ್ ಅದನ್ನು ಹಿಡಿದು ಹತ್ತಿ ಕೂತ. ತುಟಿ ಒಣಗಿತ್ತು.

"ಕುಡಿ. ನಿಧಾನ," ಸೇಸಪ್ಪಣ್ಣ ನೀರಿನ ಬಾಟಲಿ ಕೊಟ್ಟರು.

ಬಾಟಲಿ ಅರ್ಧ ಖಾಲಿಯಾದ ಮೇಲೆ ಅವನೆಂದ: "ಸದ್ದೇ ಬರ್ಲಿಲ್ಲ ಅಣ್ಣ."

"ಇಲ್ಲಿ ಬರುದಿಲ್ಲ."

"ನೀನು ಹೋದದ್ದು ನಾನು ನೋಡಿದ್ದೆ, ಕರೀಬೇಕಿತ್ತು," ಎಂದೆ.

"ಕರೆದಿದ್ರೂ ನಾನು ಬರ್ತಿರ್ಲಿಲ್ಲ ಬಿಡಿ."

"ಬರ್ತಿರ್ಲಿಲ್ವಂತೆ!" ಖುಷಿ ಅವನ ತಲೆಗೊಂದು ಮೊಟಕಿ ಅಳತೊಡಗಿದಳು.